ಡಂಬಳದ ಹಿತ್ತಲುಗಳೂ ಸರಕಾರದ ನೂರು ಮೀಟರೂ

ತನ್ನ ಮನೆಯ ಹಿತ್ತಲಲ್ಲಿ ಒಂದು ಬಚ್ಚಲನ್ನು ಕಟ್ಟಿಕೊಳ್ಳುವದಕ್ಕೆ, ಎತ್ತುಗಳಿಗೊಂದು ತಗಡಿನ ನೆರಳನ್ನು ಮಾಡುವದಕ್ಕೆ, ಹೊಟ್ಟು-ಮೇವುಗಳನ್ನು ಮಳೆಯಿಂದ ಕಾಯುವ ಒಂದು ಕೋಣೆಯನ್ನು ಎಬ್ಬಿಸುವದಕ್ಕೆ ಒಬ್ಬ ಗೃಹಸ್ಥನು ದಿಲ್ಲಿಯ ಅಭಿಪ್ರಾಯವನ್ನು ಕೇಳಬೇಕೆಂದು ಹೇಳಿದರೆ ನಮ್ಮ ವಾಚಕರಲ್ಲಿ ಕೆಲವರು ನಕ್ಕಾರು. ಆದರೆ ಮುಂಡರಗಿ ತಾಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯ ಸುತ್ತಲೂ ಹೊಲ-ಮನೆಗಳನ್ನು ಹೊಂದಿದವರಿಗೆ ಇದು ನಗೆಯ ಮಾತಲ್ಲ. ರಕ್ಷಿತ ಎಲ್ಲೆಯಿಂದ 300 ಮೀಟರಿನೊಳಗೆ ಇದ್ದವನು ದಿಲ್ಲಿಯನ್ನು ಕೇಳಲೇಬೇಕು. 100 ಮೀಟರಿನೊಳಗೆ ಇದ್ದವನಿಗೆ ಕೇಳಿದರೂ ಸಿಕ್ಕುವಂತಿಲ್ಲ. ಅರಮನೆಗೂ ಆಕಳ ಕೊಟ್ಟಿಗೆಗೂ ಕಾನೂನಿನ ಕಣ್ಣಿನಲ್ಲಿ ಭೇದವಿಲ್ಲ. ಈ ಭೇದವನ್ನು ಕಾನೂನು ಕಾಣಬೇಕೆಂಬುದೇ ಇಂದಿನ ಲೇಖದಲ್ಲಿ ನಮ್ಮ ವಾದದ ವಿಷಯವು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟ ಹೇಳಿಬಿಡುವೆವು. ಆ ಗುಡಿಯನ್ನು ಕಾಯಬೇಕೇ ಬೇಡವೇ ಎಂಬ ಚರ್ಚೆಗೆ ನಾವು ಇಳಿಯತಕ್ಕವರಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ಶಿಲ್ಪಿಗಳು ಚೌಕವನ್ನು ಒಂದೇ ಕೇಂದ್ರದ ಮೇಲೆ ತಿರುತಿರುಗಿಸಿ, ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರಾಕಾರವನ್ನು ಎಲ್ಲಿಯೂ ತುಂಡಾಗದಂತೆ ಗರ್ಭಗೃಹದ ಸುತ್ತಲೂ ಒಯ್ದ ಆ ಕಟ್ಟಡಕ್ಕೆ ಸರಿಜೋಡಿಯಾದದ್ದು ಕನ್ನಡನಾಡಿನಲ್ಲಿಯೇ ವಿರಳವು. ಹೆನ್ರಿ ಕಜಿನ್ಸ್ ಸಾಹೇಬರು ಕನ್ನಡ ಜಿಲ್ಲೆಗಳ ಚಾಲುಕ್ಯ ಶಿಲ್ಪವನ್ನು ಕುರಿತು 1926ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಡಂಬಳಕ್ಕೆ ಸ್ಥಾನವಿತ್ತರು. ಧರ್ಮವೊಳಲೆಂದು ಹಿಂದೆ ಹೆಸರಾದ ಈ ಊರಿನಲ್ಲಿ ಹದಿನಾರು ಜನ ಸೆಟ್ಟರು ಕೂಡಿ ಬೌದ್ಧವಿಹಾರವನ್ನು ಕಟ್ಟಿಸಿದ್ದರೆಂದು 1095ರ ಸುಮಾರಿನ ಶಾಸನವು ಹೇಳುತ್ತದೆ. ಶೈವರ ಗುಡಿ, ತಾರಾಭಗವತಿಯ ವಿಹಾರ, ವ್ಯಾಪಾರಿಗಳ ಪೇಟೆ, ಇವೆಲ್ಲ ಒಂದೇ ಊರಿನ ಮಗ್ಗುಲಲ್ಲಿ ಇದ್ದವು. ಮುಂದೆ 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನು ಕುಂಪಣಿ ಸರಕಾರದ ಮೇಲೆ ಎದ್ದಾಗ ಮೊದಲು ಕೈಹಾಕಿದ್ದು ಡಂಬಳದ ಖಜಾನೆಗೆ. ಇಂಥ ಊರಿನ ಕಲ್ಲೊಂದು ಕೆಟ್ಟರೂ ನಾಡಿಗೆ ಹಾನಿಯೇ. ಆದರೆ ಈ ಎಲ್ಲ ಕಾಲದಲ್ಲಿಯೂ ಗುಡಿಯ ಪಕ್ಕದಲ್ಲಿ ಒಕ್ಕಲಿಗರು ಬಾಳಿದ್ದಾರೆ, ದನ ಕಟ್ಟಿದ್ದಾರೆ, ರಾಶಿ ಮಾಡಿದ್ದಾರೆ ಎಂಬುದನ್ನೂ ಮರೆಯತಕ್ಕದ್ದಲ್ಲ.

ಈಗ ಕಾಯಿದೆಯ ಕಡೆಗೆ ಬರೋಣ. ಲಾರ್ಡ್ ಕರ್ಜನ್ನನ ಕಾಲದ 1904ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ತರುವಾಯ ಸ್ವತಂತ್ರ ಭಾರತವು 1958ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿತು. ಅದರ ಕೆಳಗಿನ ನಿಯಮಗಳಂತೆ 1992ರ ಜೂನ್ 16ರಂದು ಹೊರಟ ಪ್ರಕಟಣೆಯು ಪ್ರತಿಯೊಂದು ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರನ್ನು ನಿಷಿದ್ಧ ಪ್ರದೇಶವೆಂದೂ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಸಾರಿತು. ಕೆಲಕಾಲ ಒಂದು ತಜ್ಞರ ಸಮಿತಿಯು ನಿಷಿದ್ಧ ಪ್ರದೇಶದಲ್ಲಿಯೂ ಪರವಾನಿಗೆಗಳನ್ನು ಕೊಡಿಸುತ್ತಿತ್ತು. ದಿಲ್ಲಿಯ ಹಾಯಕೋರ್ಟು 2009ರಲ್ಲಿ ಅದು ಕಾನೂನಿಗೆ ಹೊರತಾದದ್ದೆಂದು ತೀರ್ಮಾನಿಸಿತು. ಆಗ ಸಂಸತ್ತು 2010ರಲ್ಲಿ ತಿದ್ದುಪಡಿಯನ್ನು ತಂದು ಗೆರೆಯನ್ನು ಕಾಯಿದೆಯ ಮೈಯಲ್ಲಿಯೇ ಕೊರೆಯಿತು. ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರವೆಂಬ ಹೊಸ ಸಂಸ್ಥೆಯು ಹುಟ್ಟಿತು. ಆ ವರ್ಷದ ಮಾರ್ಚ್ 29ರಂದು ರಾಷ್ಟ್ರಪತಿಗಳ ಒಪ್ಪಿಗೆ ಬಿದ್ದಂದಿನಿಂದ ನಿಷಿದ್ಧ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಯಾರೂ ಯಾರಿಗೂ ಪರವಾನಿಗೆಯನ್ನು ಕೊಡುವಂತಿಲ್ಲ.

ನೂರು ಮೀಟರೆಂದರೆ ಎಷ್ಟು? ಕೇಳುವದಕ್ಕೆ ಕವಣೆ ಬೀಸಿದಷ್ಟು ದೂರ. ಆದರೆ ಲೆಕ್ಕ ಹಾಕಿ ನೋಡಿರಿ. ಒಂದೇ ಬಿಂದುವನ್ನು ನಡುವಿಟ್ಟು 100 ಮೀಟರಿನ ವರ್ತುಲವನ್ನೆಳೆದರೆ ಅದರೊಳಗೆ ಹೆಚ್ಚು ಕಡಿಮೆ 7 ಎಕರೆ 30 ಗುಂಟೆ ಭೂಮಿಯು ಬೀಳುತ್ತದೆ. 300 ಮೀಟರಿನ ವರ್ತುಲದೊಳಗೆ ಸುಮಾರು 70 ಎಕರೆ. ಕಾಯಿದೆಯು ಅಳೆಯುವದು ಬಿಂದುವಿನಿಂದಲ್ಲ, ಗುಡಿಯ ಗೋಡೆಯಿಂದಲೂ ಅಲ್ಲ, ರಕ್ಷಿತ ಪ್ರದೇಶದ ಹೊರ ಎಲ್ಲೆಯಿಂದ. ಅಂದಮೇಲೆ ನಿಜವಾದ ವಿಸ್ತಾರವು ಇದಕ್ಕೂ ಮಿಕ್ಕದ್ದು. ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯ ಜೊತೆಗೆ ಅದಕ್ಕೆ ದೂರವಲ್ಲದ ಸೋಮೇಶ್ವರ ಗುಡಿಯೂ ರಕ್ಷಿತ ಸ್ಮಾರಕವು. ಒಂದರ ಗೆರೆ ಮುಗಿಯುವದರೊಳಗೆ ಮತ್ತೊಂದರದು ತೊಡಗುತ್ತದೆ. ಗೆರೆಯು ನೆಲದ ಮೇಲೆ ಕಾಣುವದಿಲ್ಲವಾದ್ದರಿಂದ, ತಾನು ಯಾವ ಗೆರೆಯೊಳಗಿದ್ದೇನೆಂಬುದು ಮನೆಯ ಯಜಮಾನನಿಗೆ ತಿಳಿಯುವದು ಅನೇಕ ಸಲ ನೋಟೀಸು ಬಾಗಿಲಿಗೆ ಬಂದಾಗಲೇ.

ಇನ್ನು ‘ಕಟ್ಟಡ’ವೆಂದರೇನು? ಕಾಯಿದೆಯ ವ್ಯಾಖ್ಯೆಯು ಬಹು ವ್ಯಾಪಕವಾದದ್ದು. ಯಾವದೇ ರಚನೆಯನ್ನು ಎಬ್ಬಿಸುವದು, ಇದ್ದುದಕ್ಕೆ ಮೇಲೆ ಅಥವಾ ಪಕ್ಕಕ್ಕೆ ಕೂಡಿಸುವದು, ಎಲ್ಲವೂ ಅದರಲ್ಲಿ ಅಡಕವಾಗಿವೆ. ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದಿಸಿದ ದನದ ನೆರಳೂ ರಚನೆಯೇ. ವಿನಾಯಿತಿಗಳು ಇಲ್ಲದೆ ಇಲ್ಲ. ಗಟಾರಗಳು, ಸಾರ್ವಜನಿಕ ಶೌಚಗೃಹ-ಮೂತ್ರಿಗಳು, ಜನರಿಗೆ ನೀರನ್ನೂ ವಿದ್ಯುತ್ತನ್ನೂ ಒದಗಿಸುವ ಕೆಲಸಗಳು, ಇವು ವ್ಯಾಖ್ಯೆಯ ಹೊರಗೆ ನಿಂತಿವೆ. ವಾಚಕರು ಆ ‘ಸಾರ್ವಜನಿಕ’ವೆಂಬ ಒಂದು ಶಬ್ದದ ಮೇಲೆ ದೃಷ್ಟಿಯನ್ನಿಡಬೇಕು. ಬೀದಿಯ ತುದಿಯಲ್ಲಿ ಪಂಚಾಯತಿಯು ಹತ್ತು ಕೋಣೆಗಳ ಸಂಡಾಸನ್ನು ಕಟ್ಟಿದರೆ ಅದು ಕಟ್ಟಡವಲ್ಲ. ಅದೇ ಬೀದಿಯ ಮನೆಯವರು ತಮ್ಮ ಹೆಣ್ಣುಮಕ್ಕಳ ಸಲುವಾಗಿ ಹಿತ್ತಲಲ್ಲಿ ನಾಲ್ಕಡಿ ಅಗಲದ ಒಂದು ಕೋಣೆಯನ್ನು ಕಟ್ಟಿದರೆ ಅದು ಕಟ್ಟಡವು, ಅಪರಾಧವು. ಇತ್ತ 2014ರ ಅಕ್ಟೋಬರ್ 2ರಿಂದ ಅದೇ ಭಾರತ ಸರಕಾರವು ಸ್ವಚ್ಛ ಭಾರತದ ಹೆಸರಿನಲ್ಲಿ ಮನೆಗೊಂದು ಶೌಚಗೃಹವಿರಲೆಂದು ಸಾರಿ, ಅರ್ಹ ಕುಟುಂಬಕ್ಕೆ 12,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ಒಂದು ಕೈಯು ಹಣವನ್ನು ಮುಂದೆ ನೀಡುತ್ತಿರುವಾಗ ಇನ್ನೊಂದು ಕೈಯು ಕೋಲನ್ನೆತ್ತಿ ನಿಂತಿದೆ. ನಡುವೆ ನಿಂತ ಗೃಹಸ್ಥನು ಯಾವ ಕೈಯನ್ನು ನೋಡಬೇಕು?

ಇದಕ್ಕಿಂತಲೂ ಹೆಚ್ಚು ಜನರನ್ನು ತೊಂದರೆಗೀಡುಮಾಡುವ, ಆದರೆ ಕಡಿಮೆ ಜನರಿಗೆ ಗೊತ್ತಿರುವ ಇನ್ನೊಂದು ಅಂಶವಿದೆ. ನಿಷಿದ್ಧ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡಗಳ ದುರಸ್ತಿಗೆ ಪರವಾನಿಗೆಯನ್ನು ಬೇಡಬಹುದೆಂದು 20ಸಿ ಕಲಮು ಹೇಳುತ್ತದೆ. ಆದರೆ ಕಾಯಿದೆಯಲ್ಲಿ ದುರಸ್ತಿಯು ಬೇರೆ, ಪುನರ್ನಿರ್ಮಾಣವು ಬೇರೆ. ಇದ್ದ ಕಟ್ಟಡದಲ್ಲಿ ಬದಲಾವಣೆ ಮಾಡುವದು ದುರಸ್ತಿ. ಹಿಂದಿದ್ದ ಉದ್ದ, ಅಗಲ, ಎತ್ತರಗಳಿಗೇ ಸರಿಯಾಗಿ ಮರಳಿ ಎಬ್ಬಿಸುವದು ಪುನರ್ನಿರ್ಮಾಣ. ಮೊದಲನೆಯದಕ್ಕೆ ನೂರು ಮೀಟರಿನೊಳಗೂ ಅವಕಾಶವುಂಟು, ಎರಡನೆಯದಕ್ಕೆ ನೂರರಾಚೆ ಮಾತ್ರ. ಎರೆಮಣ್ಣಿನ ಸೀಮೆಯ ಮನೆಗಳನ್ನು ಬಲ್ಲವರಿಗೆ ಇದರ ಪರಿಣಾಮವು ಕೂಡಲೆ ಹೊಳೆದೀತು. ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಕೊಟ್ಟಿಗೆಯು ಬಿರುಕು ಬಿಟ್ಟು ವಾಲಿ ನಿಂತಿರುವಷ್ಟು ದಿನ ಒಡೆಯನಿಗೆ ಹಕ್ಕುಂಟು. ಮುಂಗಾರಿನ ಒಂದು ರಾತ್ರಿಯ ಮಳೆಗೆ ಅದು ಕುಸಿದು ಬಿತ್ತೆಂದರೆ, ಬೆಳಗಾಗುವದರೊಳಗಾಗಿ ಕೊಟ್ಟಿಗೆಯೊಡನೆ ಹಕ್ಕೂ ಮಣ್ಣುಪಾಲಾಗುವದು. ಅದೇ ಕಲ್ಲು, ಅದೇ ಮಣ್ಣು, ಅದೇ ಅಳತೆಯಿಂದ ಅದೇ ಜಾಗದಲ್ಲಿ ಕಟ್ಟುವೆನೆಂದರೂ ಕಾನೂನು ಒಪ್ಪದು. ತಪ್ಪು ಮಾಡಿದ್ದು ಮಳೆ, ದಂಡವನ್ನು ತೆರುವವನು ಒಕ್ಕಲಿಗ!

ನೂರು ಮೀಟರಿನಾಚೆ ಮುನ್ನೂರರ ತನಕ ಇದ್ದವರ ಪಾಡು ಇಷ್ಟು ಕಠಿಣವಲ್ಲ. ಅಲ್ಲಿ ಹೊಸದನ್ನು ಕಟ್ಟುವದಕ್ಕೂ ಅರ್ಜಿಯನ್ನು ಹಾಕಬಹುದು. ಸಕ್ಷಮ ಪ್ರಾಧಿಕಾರಿಯು 15 ದಿನಗಳಲ್ಲಿ ಅರ್ಜಿಯನ್ನು ದಿಲ್ಲಿಯ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರವು ಎರಡು ತಿಂಗಳಲ್ಲಿ ತನ್ನ ಅಭಿಪ್ರಾಯವನ್ನು ತಿಳಿಸಬೇಕು. ಅದು ಬಂದ ಒಂದು ತಿಂಗಳಲ್ಲಿ ಪ್ರಾಧಿಕಾರಿಯು ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಬೇಕು. ಎಲ್ಲರೂ ತಮ್ಮ ತಮ್ಮ ಅವಧಿಯನ್ನು ಪಾಲಿಸಿದರೂ ಒಂದು ಬಚ್ಚಲಿಗೆ ಮೂರೂವರೆ ತಿಂಗಳು. ಇಲ್ಲವೆನ್ನುವ ಮೊದಲು ಅರ್ಜಿದಾರನ ಮಾತನ್ನು ಕೇಳತಕ್ಕದ್ದೆಂಬ ಒಂದು ಒಳ್ಳೆಯ ನಿಯಮವೂ ಉಂಟು. ಆದರೆ ಉತಾರ, ನಕಾಶೆ, ನಾಲ್ಕೂ ಕಡೆಯ ಛಾಯಾಚಿತ್ರ, ಗುಡಿಯಿಂದ ದೂರದ ಅಳತೆ, ಇವನ್ನೆಲ್ಲ ಹೊಂದಿಸಿ ಆನ್‌ಲೈನ್ ಅರ್ಜಿಯನ್ನು ತುಂಬುವದಕ್ಕೆ ಒಬ್ಬ ಸಾಮಾನ್ಯ ರೈತನು ಯಾರ ಕೈಕಾಲು ಹಿಡಿಯಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದನ್ನು ತಾಲೂಕಿನ ಕಚೇರಿಗಳ ಕಟ್ಟೆಯ ಮೇಲೆ ಕುಳಿತು ನೋಡಿದವರೇ ಬಲ್ಲರು. ಬಚ್ಚಲಿನ ಖರ್ಚಿಗಿಂತ ಕಾಗದದ ಖರ್ಚು ಹೆಚ್ಚಾದರೆ ಜನರು ಕಾಗದವನ್ನು ಬಿಡುತ್ತಾರೆ, ಬಚ್ಚಲನ್ನು ಬಿಡುವದಿಲ್ಲ. ರಾತ್ರೋರಾತ್ರಿ ಗೋಡೆ ಏಳುತ್ತದೆ. ಗೊತ್ತಾದರೆ ಎರಡು ವರ್ಷಗಳ ತನಕ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಗಳ ತನಕ ದಂಡ, ಅಥವಾ ಎರಡೂ. ಗ್ರಾಮ ಪಂಚಾಯತಿಯ ಪರವಾನಿಗೆಯು ಕೈಯಲ್ಲಿದೆಯಲ್ಲವೇ ಎಂಬ ಧೈರ್ಯವು ಇಲ್ಲಿ ಕೆಲಸಕ್ಕೆ ಬಾರದು. ಪಂಚಾಯತಿಯ ಕಾಗದವು ಪಂಚಾಯತ ಕಾಯಿದೆಗೆ ಮಾತ್ರ ಉತ್ತರವು, ಸ್ಮಾರಕಗಳ ಕಾಯಿದೆಗೆ ಅಲ್ಲ.

ಅಧಿಕಾರಿಮಹಾಶಯರ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳುಂಟು. ಅವನ್ನು ಮರೆಮಾಚಿ ವಾದಿಸುವದು ಈ ಪತ್ರಿಕೆಗೆ ಒಪ್ಪುವದಲ್ಲ. ಡಂಬಳದ ಗುಡಿಯ ಕಲ್ಲು ಲಕ್ಕುಂಡಿಯದರಂತೆ ಮೃದುವಾದ ಹಸುರುಗಪ್ಪು ಬಳಪದ ಜಾತಿಯದು. ಅಂತಲೇ ಅದರ ಮೇಲೆ ಬಂಗಾರದ ಕೆಲಸದಂಥ ಸೂಕ್ಷ್ಮ ಕೆತ್ತನೆಯು ಸಾಧ್ಯವಾಯಿತು. ಅಂತಲೇ ಅದಕ್ಕೆ ಜೋಕೆಯೂ ಹೆಚ್ಚು ಬೇಕು. ಬಚ್ಚಲ ನೀರು ನೆಲದಲ್ಲಿ ಇಂಗಿ, ಉಪ್ಪನ್ನು ಹೊತ್ತುಕೊಂಡು ತಳಪಾಯದ ಕಲ್ಲಿಗೆ ಏರಿದರೆ ಆ ಕೆತ್ತನೆಯು ಪದರುಪದರಾಗಿ ಉದುರುವದು. ಶೌಚಗುಂಡಿಯನ್ನು ತೋಡುವವನ ಗುದ್ದಲಿಗೆ ಧರ್ಮವೊಳಲಿನ ಒಂದು ಗೋಡೆಯೇ ಸಿಕ್ಕೀತು, ಸಿಕ್ಕಿದ್ದು ತಿಳಿಯದೆಯೇ ನಾಶವಾದೀತು. ಇಂದು ತಗಡಿನ ನೆರಳು, ನಾಳೆ ಇಟ್ಟಿಗೆಯ ಗೋಡೆ, ನಾಡಿದ್ದು ಮೇಲೊಂದು ಅಂತಸ್ತು, ಕಡೆಗೆ ಬಾಡಿಗೆಯ ಅಂಗಡಿ ಎಂಬ ಕ್ರಮದಲ್ಲಿ ಕೊಟ್ಟಿಗೆಗಳು ಬೆಳೆಯುವದನ್ನು ನಮ್ಮ ಗದಗ-ಬೆಟಗೇರಿಯ ಪೇಟೆಗಳಲ್ಲಿ ನೋಡಿದ್ದೇವೆ. ಗುಡಿಯ ಗೋಡೆಯನ್ನೇ ತಮ್ಮ ಮನೆಯ ಹಿಂಗೋಡೆಯಾಗಿ ಮಾಡಿಕೊಂಡು, ಶಿಲಾಬಾಲಿಕೆಯ ಕೊರಳಿಗೆ ದಾವಣಿಯನ್ನು ಸುತ್ತುವ ಜನರೂ ನಮ್ಮಲ್ಲಿ ಇರಲಿಲ್ಲವೇ? ಈ ಭಯದಿಂದಲೇ ಗೆರೆ ಹುಟ್ಟಿತು. ಗೆರೆ ಬೇಕು. ಗೆರೆಯೊಳಗೆ ಒಂದು ಸಣ್ಣ ಅಳತೆಯೂ ಬೇಕೆಂಬುದಿಷ್ಟೇ ನಮ್ಮ ಬೇಡಿಕೆ.

ಇಂಥ ಅಳತೆಯು ಅಸಾಧ್ಯವಾದ ಸಂಗತಿಯೇನಲ್ಲವೆಂಬುದಕ್ಕೆ ಡಂಬಳದ ಆಸುಪಾಸಿನ ಇತರ ಕಾಯಿದೆಗಳೇ ಸಾಕ್ಷಿ. ಬೇಸಾಯದ ಭೂಮಿಯನ್ನು ತೆಗೆದುಕೊಳ್ಳಿರಿ. ಬೇಸಾಯದ ಹೊಲವನ್ನು ಬೇರೆ ಉಪಯೋಗಕ್ಕೆ ತಿರುಗಿಸುವದಕ್ಕೆ ಜಿಲ್ಲಾಧಿಕಾರಿಗಳ ಅಪ್ಪಣೆ ಬೇಕು. ಆದರೆ ಹೊಲದ ಒಡೆಯನು ಬೇಸಾಯದ ಅನುಕೂಲಕ್ಕಾಗಿ ತನ್ನ ಹೊಲದಲ್ಲಿ ತೋಟದ ಮನೆಯನ್ನೂ ಬಾವಿಯನ್ನೂ ಮಾಡಿಕೊಳ್ಳಬಹುದೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮು ಬಾಯಿಬಿಟ್ಟು ಹೇಳುತ್ತದೆ. ಹಿಡುವಳಿಯ ಶೇಕಡಾ 10ನ್ನು ಮೀರಬಾರದೆಂಬ ಮಿತಿಯನ್ನೂ ಹಾಕುತ್ತದೆ. ಕೊಟ್ಟಿಗೆಯಿಲ್ಲದೆ ಬೇಸಾಯವಿಲ್ಲವೆಂಬ ಲೋಕಜ್ಞಾನವು ಆ ಕಾಯಿದೆಯನ್ನು ಬರೆದವರಿಗೆ ಇತ್ತು.

ಇನ್ನು ಪಡುವಲಲ್ಲಿ ಹಬ್ಬಿ ನಿಂತ ಕಪ್ಪತಗುಡ್ಡವನ್ನು ನೋಡಿರಿ. ಅದನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದ ಸರಕಾರವು 2016ರಲ್ಲಿ ಹಿಂದೆಗೆದುಕೊಂಡಿತು. ಡಂಬಳ-ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮೊದಲಾದವರ ಮುಂದಾಳುತನದಲ್ಲಿ ಜನತೆಯು ಎದ್ದು ನಿಂತಿತು. 2017ರಲ್ಲಿ ಆ ಸ್ಥಾನವು ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರುಗಳ ಗುಡ್ಡವು ವನ್ಯಜೀವಿಧಾಮವಾಯಿತು. ಹಸುರನ್ನು ಕಾಯಿರೆಂದು ಸರಕಾರಕ್ಕೆ ಹೇಳಿಕೊಟ್ಟವರು ಈ ಸೀಮೆಯ ಜನರೇ ಎಂಬುದು ಗಮನಾರ್ಹವು. ಇಂಥ ರಕ್ಷಿತ ಅರಣ್ಯಗಳ ಅಂಚಿನ ಪಟ್ಟಿಯ ಬಗೆಗೆ ಸರ್ವೋಚ್ಚ ನ್ಯಾಯಾಲಯವು 2022ರ ಜೂನ್ 3ರಂದು ಒಂದು ಬಿಗಿಯಾದ ಅಪ್ಪಣೆಯನ್ನು ಮಾಡಿತ್ತು: ಒಂದು ಕಿಲೋಮೀಟರಿನ ಪಟ್ಟಿ ಎಲ್ಲ ಕಡೆಗೂ ಇರಬೇಕು, ಅದರೊಳಗೆ ಯಾವ ಕಾರಣಕ್ಕೂ ಹೊಸ ಶಾಶ್ವತ ಕಟ್ಟಡವು ಏಳಬಾರದು. ವರ್ಷ ತುಂಬುವದರೊಳಗಾಗಿ, 2023ರ ಏಪ್ರಿಲ್ 26ರಂದು ಅದೇ ನ್ಯಾಯಾಲಯವು ಆ ಅಪ್ಪಣೆಯನ್ನು ಸಡಿಲಿಸಿತು. ಕಾರಣವನ್ನು ವಾಚಕರು ಲಕ್ಷ್ಯವಿಟ್ಟು ಕೇಳಬೇಕು. ಈ ನಿಷೇಧವು ನಿಂತರೆ ಹಳ್ಳಿಗನು ತನ್ನ ಮನೆಯನ್ನು ಮರಳಿ ಕಟ್ಟಿಕೊಳ್ಳಲಾರನು, ಸಂಸಾರ ಬೆಳೆದರೆ ಒಂದು ಕೋಣೆಯನ್ನು ಕೂಡಿಸಿಕೊಳ್ಳಲಾರನು, ಊರಿಗೆ ಶಾಲೆ-ದವಾಖಾನೆಗಳೂ ಬರಲಾರವು ಎಂದು ನ್ಯಾಯಮೂರ್ತಿಗಳು ಸ್ವತಃ ಬರೆದರು. ಕಾಡಿನ ಅಂಚಿನ ಹಳ್ಳಿಗನಿಗೆ ಸಲ್ಲುವ ಈ ನ್ಯಾಯವು ಗುಡಿಯ ಅಂಚಿನ ಹಳ್ಳಿಗನಿಗೆ ಸಲ್ಲಬಾರದೇ? ಹುಲಿ-ಚಿರತೆಗಳ ನೆರೆಹೊರೆಯಲ್ಲಿ ಕೂಡಿಸಬಹುದಾದ ಕೋಣೆಯನ್ನು ಬಸವಣ್ಣನ ನೆರೆಹೊರೆಯಲ್ಲಿ ಕೂಡಿಸಬಾರದೆಂದರೆ ಅದಕ್ಕೆ ಉತ್ತರವನ್ನು ಕೊಡುವವರಾರು?

ಹಸುರು ಪಟ್ಟಿಯೆಂಬ ಕಲ್ಪನೆಯನ್ನು ಲೋಕಕ್ಕೆ ಪ್ರಚುರಪಡಿಸಿದ ಇಂಗ್ಲಂಡದಲ್ಲಿ ಏನಾಗಿದೆಯೆಂಬುದನ್ನೂ ಒಮ್ಮೆ ನೋಡಬಹುದು. ಲಂಡನ್ನಿನ ಹಸುರು ಪಟ್ಟಿಗಾಗಿ 1938ರಲ್ಲಿಯೇ ಅವರು ಕಾಯಿದೆಯನ್ನು ಮಾಡಿದರು, 1955ರ ಸರಕಾರೀ ಸುತ್ತೋಲೆಯಿಂದ ಆ ನೀತಿಯನ್ನು ದೇಶದ ಇತರ ನಗರಗಳಿಗೂ ಹಬ್ಬಿಸಿದರು. ಆ ಪಟ್ಟಿಯಲ್ಲಿ ಹೊಸ ಮನೆಯನ್ನು ಕಟ್ಟುವದು ಬಹು ಕಷ್ಟದ ಕೆಲಸ. ಆದರೆ ಇದ್ದ ಮನೆಯ ಹಿತ್ತಲಲ್ಲಿ ಕಟ್ಟಿಗೆಯ ಕೋಣೆ, ಬಂಡಿಯ ಶೆಡ್ಡು ಮುಂತಾದವುಗಳಿಗೆ 2015ರ ನಿಯಮಾವಳಿಯು ಅರ್ಜಿಯಿಲ್ಲದೆಯೇ ಅವಕಾಶವಿತ್ತಿದೆ; ಹಸುರು ಪಟ್ಟಿಯಲ್ಲಿದೆಯೆಂಬ ಮಾತ್ರಕ್ಕೆ ಆ ಅವಕಾಶವು ತಪ್ಪುವದಿಲ್ಲ. ಒಂದೇ ಅಂತಸ್ತಿರಬೇಕು, ಸೂರಿನ ಅಂಚು 2.5 ಮೀಟರು, ಇಳಿಜಾರು ಮಾಡಿನ ಶಿಖರ 4 ಮೀಟರು ಮೀರಬಾರದು. ಮನೆಯ ಮುಂಭಾಗಕ್ಕೆ ಬರಬಾರದು. ಸುತ್ತಲಿನ ಖುಲ್ಲಾ ಜಾಗದ ಅರ್ಧಕ್ಕಿಂತ ಹೆಚ್ಚನ್ನು ಆವರಿಸಬಾರದು. ರಾಷ್ಟ್ರೀಯ ಉದ್ಯಾನದಂಥ ಹೆಚ್ಚು ನಾಜೂಕಿನ ಸ್ಥಳಗಳಲ್ಲಿ ಮನೆಯಿಂದ 20 ಮೀಟರಿನಾಚೆ ಕಟ್ಟುವದಾದರೆ 10 ಚದರ ಮೀಟರು ಮಾತ್ರ. ಪ್ರಾಚೀನ ಮಹತ್ವದ ಮನೆಯ ಆವರಣವಾದರೆ ಮಾತ್ರ ಅರ್ಜಿ ಬೇಕೇ ಬೇಕು. ಆಂಗ್ಲರದೆಲ್ಲ ಅನುಕರಣೀಯವೆಂದು ನಂಬುವ ಪೈಕಿಯವರು ನಾವಲ್ಲ. ಆದರೆ ಜಾಗದ ಸೂಕ್ಷ್ಮತೆ ಹೆಚ್ಚಿದ ಹಾಗೆ ಅಳತೆಯು ಕಿರಿದಾಗುತ್ತ ಹೋಗಬೇಕೆಂಬ ಸಾದಾ ವಿವೇಕವು ಯಾವ ದೇಶದ ಸೊತ್ತೂ ಅಲ್ಲ.

ಸಣ್ಣದನ್ನು ಅಳತೆಗೊಳಪಡಿಸದೆ ನಿಷೇಧಿಸುತ್ತ, ನಿಷೇಧಿಸಿದ್ದನ್ನು ನೋಡಿಯೂ ನೋಡದಂತೆ ಇರುತ್ತ ಹೋದರೆ ಕಡೆಗೆ ಏನಾಗುವದೆಂಬುದಕ್ಕೆ ಹಂಪೆಯು ನಿದರ್ಶನವು. ವಿರೂಪಾಕ್ಷನ ರಥಬೀದಿಯ ಮಂಟಪಗಳಲ್ಲಿ ವರ್ಷವರ್ಷ ಒಂದೊಂದು ಗೋಡೆ, ಒಂದೊಂದು ತಟ್ಟಿ, ಒಂದೊಂದು ಅಂಗಡಿ ಸೇರಿಕೊಂಡು ದೊಡ್ಡ ಬಜಾರವೇ ಆಯಿತು. ಆಮೇಲೆ 2011ರ ಜುಲೈ ತಿಂಗಳ ಕಡೆಯಲ್ಲಿ ಬುಲ್ಡೋಜರು ಬಂದು ಎಲ್ಲವನ್ನೂ ಕಿತ್ತಿತು. ಅಲ್ಲಿ ಬಾಳಿದ್ದ ಸಂಸಾರಗಳು ಕಡ್ಡಿರಾಂಪುರದ ಬಯಲನ್ನು ಸೇರಬೇಕಾಯಿತು. ಐಹೊಳೆಯಲ್ಲಿ ಗುಡಿಗಳ ನಡುವಿನಿಂದ ಊರನ್ನೇ ಎತ್ತಿ ಬೇರೆಡೆಗೆ ಇಡುವ ಮಾತು ದಶಕಗಳಿಂದ ನಡೆದಿದೆ. ಡಂಬಳಕ್ಕೆ ಅಂಥ ದಿನವು ಬರಬಾರದು.

ಹಾಗಾದರೆ ಆಗಬೇಕಾದುದೇನು? ಆಯುಧವು ಕಾಯಿದೆಯಲ್ಲಿಯೇ ಇದೆ. ಪ್ರತಿಯೊಂದು ಸ್ಮಾರಕಕ್ಕೂ ಅದರದರ ಸ್ಥಿತಿಯನ್ನು ನೋಡಿ ಉಪನಿಯಮಗಳನ್ನು ರಚಿಸಬೇಕೆಂದು 20ಇ ಕಲಮು 2010ರಲ್ಲಿಯೇ ವಿಧಿಸಿತು. ದೇಶದ ಸುಮಾರು 3,700 ರಕ್ಷಿತ ಸ್ಮಾರಕಗಳಲ್ಲಿ, ನಮ್ಮ ರಾಜ್ಯದ ಐನೂರಕ್ಕೂ ಮಿಕ್ಕ ಸ್ಮಾರಕಗಳಲ್ಲಿ, ಬಹುಪಾಲಿಗೆ ಈ ಭಾಗ್ಯವು ವರ್ಷಗಳು ಉರುಳಿದರೂ ಬಂದಿಲ್ಲ. ಎಲ್ಲ ಸ್ಮಾರಕಗಳಿಗೂ ಒಂದೇ ಅಳತೆಯ ಗೆರೆಯನ್ನು ಎಳೆದುದರಿಂದ ಊರಿಗೆ ಊರೇ ಗೆರೆಯೊಳಗೆ ಬಿದ್ದು ಜನರು ಬಳಲುತ್ತಾರೆಂಬುದನ್ನು 2023ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯೇ ಎತ್ತಿ ತೋರಿಸಿತು. ಇದಕ್ಕೂ ಹಿಂದೆ 2018ರ ಜನವರಿ 2ರಂದು ಲೋಕಸಭೆಯು ಒಂದು ತಿದ್ದುಪಡಿಯ ಮಸೂದೆಯನ್ನು ಒಪ್ಪಿತ್ತು. ಅದು ರಾಜ್ಯಸಭೆಯ ಸಮಿತಿಗೆ ಹೋಗಿ ನಿಂತಿತು, ಕಾಯಿದೆಯಾಗಲಿಲ್ಲ. ಆದರೆ ಆ ಮಸೂದೆಯು ಬೇಡಿದ್ದು ಯಾರಿಗಾಗಿ? ಕೇಂದ್ರ ಸರಕಾರದ ರಸ್ತೆ-ಸೇತುವೆಗಳಿಗಾಗಿ! ಸರಕಾರವು ತನ್ನ ದೊಡ್ಡ ಕಟ್ಟಡಕ್ಕೆ ವಿನಾಯಿತಿಯನ್ನು ಕೇಳಿತು. ಪ್ರಜೆಯ ಸಣ್ಣ ಬಚ್ಚಲು ಅದರ ನೆನಪಿಗೆ ಬರಲಿಲ್ಲ.

ಡಂಬಳದ ಉಪನಿಯಮವನ್ನು ಬರೆಯುವಾಗ ಹಿತ್ತಲಿನ ಕಟ್ಟಡಗಳಿಗೆಂದೇ ಒಂದು ಪ್ರಕರಣವಿರಲಿ. ನಿಯಂತ್ರಿತ ಪ್ರದೇಶದಲ್ಲಿ ಒಂದೇ ಅಂತಸ್ತಿನ, ಗೊತ್ತಾದ ಅಳತೆಯ, ಮಣ್ಣು-ಕಲ್ಲು-ತಗಡುಗಳ ಕೊಟ್ಟಿಗೆಗೂ ಬಚ್ಚಲಿಗೂ ದಿಲ್ಲಿಯ ತನಕ ಹೋಗದೆ ಧಾರವಾಡದಲ್ಲಿಯೇ ತೀರ್ಮಾನವಾಗುವಂತಿರಲಿ. ನಿಷಿದ್ಧ ಪ್ರದೇಶದ ವಿಷಯದಲ್ಲಿ ಉಪನಿಯಮವು ಸಾಲದು, ಕಾಯಿದೆಯನ್ನೇ ತಿದ್ದಬೇಕು: ವ್ಯಾಖ್ಯೆಯಲ್ಲಿರುವ ಸಾರ್ವಜನಿಕ ಶೌಚಗೃಹದ ಮಗ್ಗುಲಲ್ಲಿ ಮನೆಯ ಶೌಚಗೃಹವನ್ನೂ ಸೇರಿಸಬೇಕು; ಮಳೆ-ಬೆಂಕಿಗಳಿಂದ ಬಿದ್ದ ಹಳೆಯ ಕೊಟ್ಟಿಗೆಯನ್ನು ಹಳೆಯ ಅಳತೆಗೇ ಎಬ್ಬಿಸುವದನ್ನು ದುರಸ್ತಿಯೆಂದು ಎಣಿಸಬೇಕು. ಗುಂಡಿಯನ್ನು ತೋಡುವಾಗ ಪುರಾತತ್ತ್ವ ಖಾತೆಯ ಒಬ್ಬ ಮನುಷ್ಯನು ಎದುರಿಗೆ ನಿಂತಿರಲಿ. ಶೌಚದ ನೀರು, ಬಚ್ಚಲ ನೀರು ಗುಡಿಯ ಕಡೆಗೆ ಇಂಗದಂತೆ ಮುಚ್ಚಿದ ಗಟಾರದಿಂದ ಹೊರಗೆ ಸಾಗಲಿ. ಗಟಾರಕ್ಕಂತೂ ಕಾಯಿದೆಯ ಅಡ್ಡಿಯೇ ಇಲ್ಲವಾದ್ದರಿಂದ ಅದನ್ನು ಇಂದೇ ತೊಡಗಲು ಪಂಚಾಯತಿಗೆ ಏನು ತಡೆ? ದನಗಳು ಹೆಚ್ಚಿರುವ ಮನೆಗಳ ಸಲುವಾಗಿ ಮುನ್ನೂರು ಮೀಟರಿನಾಚೆ ಪಂಚಾಯತಿಯು ಸಾಮೂಹಿಕ ಕೊಟ್ಟಿಗೆಗೆ ಜಾಗವನ್ನು ತೆಗೆದಿಟ್ಟರೂ ಒಳಿತು, ಕಾಯುವದಕ್ಕೆ ಒಪ್ಪುವ ಜನ ಸಿಕ್ಕರೆ. ಎಲ್ಲಕ್ಕೂ ಮೊದಲು ನೂರರ ಗೆರೆಯೂ ಮುನ್ನೂರರ ಗೆರೆಯೂ ಎಲ್ಲಿ ಹಾಯುತ್ತವೆಂಬುದನ್ನು ಸರ್ವೇ ಮಾಡಿಸಿ ಕಲ್ಲು ನೆಡಿಸಬೇಕು, ನಕಾಶೆಯನ್ನು ಕನ್ನಡದಲ್ಲಿ ಬರೆಯಿಸಿ ಪಂಚಾಯತಿಯ ಗೋಡೆಗೆ ಹಚ್ಚಬೇಕು. ಸಕ್ಷಮ ಪ್ರಾಧಿಕಾರಿಗಳ ಕಡೆಯಿಂದ ಒಬ್ಬ ಅಧಿಕಾರಿಯು ಬೇಸಿಗೆಯಲ್ಲಿ ಎರಡು ದಿನ ಡಂಬಳದಲ್ಲಿ ಬಿಡಾರ ಮಾಡಿ ಅರ್ಜಿಗಳನ್ನು ತುಂಬಿಸಿಕೊಂಡರೆ ವರ್ಷದ ಅರ್ಧ ಜಗಳವು ಅಲ್ಲಿಯೇ ತೀರೀತು.

ಇವೆಲ್ಲ ಆಗುವ ತನಕ ಡಂಬಳದ, ಹಾಗೂ ಇದೇ ಸ್ಥಿತಿಯ ಲಕ್ಕುಂಡಿ ಮುಂತಾದ ಊರುಗಳ ಗೃಹಸ್ಥರಿಗೆ ನಮ್ಮ ಸೂಚನೆ ಇಷ್ಟು. ನಿಮ್ಮ ಮನೆ-ಕೊಟ್ಟಿಗೆಗಳು 1992ರ ಜೂನ್ 16ಕ್ಕಿಂತ ಮೊದಲಿನವೆಂಬುದಕ್ಕೆ ಹಳೆಯ ಉತಾರ, ಮನೆಪಟ್ಟಿಯ ಪಾವತಿ, ವಿದ್ಯುತ್ತಿನ ಬಿಲ್ಲು ಏನಿದ್ದರೂ ತೆಗೆದಿಟ್ಟುಕೊಳ್ಳಿರಿ. ಆ ತಾರೀಖಿನ ಮೇಲೆಯೇ ನಿಮ್ಮ ಹಕ್ಕು ನಿಂತಿದೆ. ನಿಂತ ಗೋಡೆಯ ಛಾಯಾಚಿತ್ರವನ್ನು ಇಂದೇ ತೆಗೆಯಿಸಿರಿ. ನೂರು ಮೀಟರಿನೊಳಗೆ ಹೊಸ ಬಚ್ಚಲಿನ ಆಶೆಯನ್ನು ಸದ್ಯಕ್ಕೆ ಬಿಟ್ಟು, ಇದ್ದ ಮನೆಯೊಳಗಿನ ಒಂದು ಮೂಲೆಯನ್ನು ಬದಲಿಸಿಕೊಳ್ಳುವ ದುರಸ್ತಿಗೆ ಅರ್ಜಿಯನ್ನು ಹಾಕಿರಿ. ಅದಕ್ಕೆ ಕಲಮಿನ ಆಧಾರವುಂಟು. ಯಾರದಾದರೂ ಕೊಟ್ಟಿಗೆಯ ಗೋಡೆ ವಾಲಿದ್ದರೆ ಮುಂಗಾರಿನ ತನಕ ಕಾಯದೆ ಮೊದಲೇ ಬೇಡಬೇಕು. ಮೂರೂವರೆ ತಿಂಗಳ ಲೆಕ್ಕವನ್ನು ಹಿಡಿದರೆ, ಜೂನ್ ತಿಂಗಳ ಮೊದಲ ಮಳೆಗೆ ಸಿದ್ಧವಾಗಿರಬೇಕಾದವನ ಅರ್ಜಿಯು ಫೆಬ್ರುವರಿಯ ನಡುವಿಗೇ ಹೋಗಿರತಕ್ಕದ್ದು.